ಓವರಾಯಿಲಿಂಗ್ ಎಂಬ ಅಪರಾಧ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಬ್ಬರು ಹಳೆ ಕಾರುಗಳ ಸಂಗ್ರಾಹಕರು ಸಿಂಧನೂರಿಗೆ ಬಂದಿದ್ದರು. ಅವರು ನೋಡಲು ಬಂದದ್ದು ನನ್ನಪ್ಪನ ಶೆಡ್ಡಿನಲ್ಲಿ ನಿಂತಿದ್ದ 1993ರ ಕಂಟೆಸ್ಸಾ. ಕಾರು ಅಪ್ಪನದಲ್ಲ, ಲಿಂಗಸೂಗೂರಿನ ಒಬ್ಬ ಸಾಹುಕಾರರದು. ಆದರೆ ಮೂವತ್ತು ವರ್ಷ ಅದನ್ನು ಬಿಚ್ಚಿದ್ದು, ಕಟ್ಟಿದ್ದು ಅಪ್ಪ. ಬಂದವರು ಬಣ್ಣ ನೋಡಿದರು, ಸೀಟು ಮುಟ್ಟಿದರು, ಬಾನೆಟ್ ಎತ್ತಿಸಿದರು. ಇಂಜಿನ್ ನಂಬರಿನ ಮೇಲೆ ಮೊಬೈಲಿನ ಬೆಳಕು ಬಿಟ್ಟು ಒಂದೇ ಮಾತು ಹೇಳಿದರು: "ನಂಬರ್ ಮ್ಯಾಚ್ ಆಗ್ತಿಲ್ಲ. ಇದು ಒರಿಜಿನಲ್ ಅಲ್ಲ."

ಅಪ್ಪ ಕೈ ಒರೆಸಿಕೊಳ್ಳುತ್ತ, "ಹೌದ್ರೀ, ನಾನೇ ಬದಲ್ ಮಾಡೀನಿ. ಆರ್‌ಸಿಯಾಗೂ ಬರಸೇವಿ" ಅಂದರು, ಸ್ವಲ್ಪ ಹೆಮ್ಮೆಯಿಂದಲೇ. ಬಂದವರು ನಕ್ಕು ಚಹಾ ಕುಡಿದು ಹೋದರು. ಆ ನಗುವಿಗೆ ಉತ್ತರ ಕೊಡಬೇಕೆಂದು ಈ ಬರಹ.

ಮೊದಲು ಆ ಕಾರಿನ 'ಮೂಲ' ಯಾವುದು ಎಂದು ನೋಡೋಣ. ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಕಂಟೆಸ್ಸಾವನ್ನು ಮಾರುಕಟ್ಟೆಗೆ ತಂದಾಗ ಅದರ ಮೈ ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನದು. ಒಳಗಿದ್ದದ್ದು ಅಂಬಾಸಿಡರ್‌ನ 1489 ಸಿಸಿ ಇಂಜಿನ್. ಆ ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್‌ನ ಮಗಳೇ. ಅಷ್ಟು ಭಾರದ ಮೈಗೆ ಆ ಇಂಜಿನ್ನಿನ ದಮ್ಮು ಸಾಲದೆ, ಕಂಪನಿಯೇ ಮುಂದೆ ಜಪಾನಿನ ಇಸುಝು ಇಂಜಿನ್ ತಂದು ಕೂಡಿಸಿತು. 2002ಕ್ಕೆ ತಯಾರಿಕೆ ನಿಂತಿತು. ಅಂದರೆ ನಮ್ಮ ದೇಶದ ದೊಡ್ಡವರ ಗಾಡಿ, ಮಂತ್ರಿಗಳು, ಮಿಲ್ಲಿನ ಮಾಲೀಕರು ಕಾಲು ಚಾಚಿ ಕೂತು ದೂರ ಪ್ರಯಾಣ ಮಾಡಿದ ಗಾಡಿ, ಹುಟ್ಟಿನಿಂದಲೇ ಕಸಿ ಮಾಡಿದ ಗಿಡ. ಕಂಪನಿ ಇಂಜಿನ್ ಬದಲಿಸಿದರೆ ಅದು 'ಹೊಸ ಮಾಡೆಲ್'. ಸಿಂಧನೂರಿನ ಮಿಸ್ತ್ರಿ ಬದಲಿಸಿದರೆ 'ಒರಿಜಿನಲ್ ಅಲ್ಲ'!

ಅಪ್ಪ ಬದಲಿಸಿದ್ದಕ್ಕೆ ಕಾರಣವಿತ್ತು. ಪೆಟ್ರೋಲ್ ಇಂಜಿನ್ ಕುಡಿಯುವ ಎಣ್ಣೆಗೆ ಸಾಹುಕಾರರು ಕಂಗಾಲಾಗಿದ್ದರು. ಬಿಡಿಭಾಗಕ್ಕೆ ಹೈದರಾಬಾದಿಗೆ ಹೋಗಬೇಕು, ಹೋದರೂ ಸಿಗುವ ಖಾತ್ರಿಯಿಲ್ಲ. 2003ರಲ್ಲಿ ಅಪ್ಪ ಅಂಬಾಸಿಡರಿಗೆ ಬರುತ್ತಿದ್ದ ಡೀಸೆಲ್ ಇಂಜಿನ್ ತಂದು ಅದರೊಳಗೆ ಇಳಿಸಿದರು. ಮೌಂಟಿಂಗುಗಳನ್ನು ಟ್ರ್ಯಾಕ್ಟರ್ ಕೆಲಸದ ಲೇಥ್‌ನಲ್ಲಿ ಮಾಡಿಸಿದರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂದವು, ಟ್ರ್ಯಾಕ್ಟರ್ ಹಿಂದೆ ಲೇಥ್‌ಗಳು ಬಂದವು. ಹಾಗಾಗಿಯೇ ಬ್ರಿಟನ್ನಿನ ಮೈ, ಜಪಾನಿನ ಎದೆಗಳ ಒಂದು ಕಾರು ನಮ್ಮೂರಿನ ದೂಳಿನಲ್ಲಿ ಬದುಕಿ ಉಳಿಯಿತು. ವಾಟರ್ ಪಂಪಿನ ಬುಷ್ ಸಿಗದಿದ್ದಾಗ ಹಿತ್ತಾಳೆ ತುಂಡು ಕಡೆಸಿ ಹಾಕಿದರು. ಗಾಜಿನ ರಬ್ಬರ್ ಒಡೆದಾಗ ಲಾರಿಯ ರಬ್ಬರ್ ಕೊಯ್ದು ಕೂಡಿಸಿದರು. ಇಂಜಿನ್ ಒಳಗೆ ಸದ್ದು ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ, ಎಷ್ಟನೇ ಸಿಲಿಂಡರಿನ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಈಗ ಕಾನೂನು ಏನು ಹೇಳುತ್ತದೆ? ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಅಕ್ಷರಗಳಿರುವ ವಿಶೇಷ ನಂಬರು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಒಂದು ಷರತ್ತು: ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ಮಾರ್ಪಾಡು ಆಗುವಂಥ ದೊಡ್ಡ ಓವರ್‌ಹಾಲ್ ಆಗಿರಬಾರದು. ನಮ್ಮ ಗ್ಯಾರೇಜುಗಳಲ್ಲಿ ಈ ಪದಕ್ಕೆ 'ಓವರಾಯಿಲಿಂಗ್' ಅನ್ನುತ್ತಾರೆ. ಅಪ್ಪನ ಪಾಲಿಗೆ ಅದು ಕಸುಬಿನ ಅತಿ ದೊಡ್ಡ ಮಾತು. ಕಾನೂನಿನ ಪಾಲಿಗೆ ಅದೇ ಅನರ್ಹತೆ.

ಹಾಗಾದರೆ ಐವತ್ತು ವರ್ಷ ಇಂಜಿನ್ ಬದಲಾಗದೆ ಯಾವ ಕಾರು ಉಳಿಯುತ್ತದೆ? ಓಡದ ಕಾರು. ಅರಮನೆಯಲ್ಲಿ, ಬಂಗಲೆಯಲ್ಲಿ, ಬಟ್ಟೆ ಹೊದ್ದು ನಿಂತ ಕಾರು. ನಮ್ಮ ರಾಯಚೂರು ಸೀಮೆ 1956ರವರೆಗೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮರಿಗಾಗಿ ತಯಾರಾದ ಹಳದಿ ರೋಲ್ಸ್ ರಾಯ್ಸ್ ಒಂದಿದೆ. ಒಳಗೆ ಸಿಂಹಾಸನದಂಥ ಆಸನ. ನೂರು ವರ್ಷಕ್ಕೂ ಹಳೆಯ ಆ ಕಾರು ಮೆರವಣಿಗೆಗೆಂದೇ ಇದ್ದದ್ದು, ಓಡಿದ್ದು ತೀರಾ ಕಡಿಮೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪರಂಪರೆ ಅಂದರೆ ಇದು ಮಾತ್ರ ಎಂಬ ತೀರ್ಮಾನಕ್ಕೆ ತಕರಾರಿದೆ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸೂಗೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರನ್ನು ಸಾವಿರಾರು ಸಲ ಓಡಿ, ಹೆರಿಗೆಗೆ, ಮದುವೆಗೆ, ಮಣ್ಣಿಗೆ ಜನರನ್ನು ಹೊತ್ತ ಕಾರು ಪರಂಪರೆಯಲ್ಲ, ಗುಜರಿ ಎಂಬ ತೀರ್ಮಾನಕ್ಕೆ.

ಗುಜರಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. 2022ರ ಏಪ್ರಿಲ್‌ವರೆಗೆ ಕಾರಿಗೆ ಶುಲ್ಕ 600 ರೂಪಾಯಿ ಇತ್ತು, ಆಮೇಲೆ 5,000 ಆಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ಈ ಕಂಟೆಸ್ಸಾ 50 ತುಂಬಬೇಕಾದರೆ 2043 ಬರಬೇಕು. ಅಲ್ಲಿಯತನಕ ಕಂತು ಕಟ್ಟಿ ಕಾದರೂ, ಇಂಜಿನ್ ಬದಲಾದ ಕಾರಣಕ್ಕೆ ಬಾಗಿಲು ಮುಚ್ಚಿಯೇ ಇರುತ್ತದೆ. ಸಾಹುಕಾರರ ಮಗ ಈಗಲೇ ಹೇಳುತ್ತಿದ್ದಾನೆ, 2028ರ ನವೀಕರಣಕ್ಕೆ ಮುಂಚೆ ತೂಕಕ್ಕೆ ಹಾಕೋಣ ಎಂದು.

ಹಳೆ ಕಾರು ಹೊಗೆ ಉಗುಳುತ್ತದೆ ಎಂದರೆ ಒಪ್ಪುತ್ತೇನೆ. ಅದರ ಬ್ರೇಕು ಇವತ್ತಿನ ಕಾರಿನಷ್ಟು ಭದ್ರವಲ್ಲ ಎಂದರೂ ಒಪ್ಪುತ್ತೇನೆ. ಅದನ್ನು ದಿನಾ ರಸ್ತೆಗೆ ಬಿಡಿ ಎಂದು ಕೇಳುತ್ತಿಲ್ಲ. ವಿಂಟೇಜ್ ನಂಬರಿನ ವಾಹನವೂ ದಿನಬಳಕೆಗೆ ಇಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಹಾಕಿಸುವುದು, ಇಷ್ಟಕ್ಕೇ ರಸ್ತೆಗಿಳಿಯಬಹುದು. ಹಾಗಿದ್ದ ಮೇಲೆ ಹೊಗೆಯ ನೆಪ ರೋಲ್ಸ್ ರಾಯ್ಸ್‌ಗೆ ಒಂದು, ಕಂಟೆಸ್ಸಾಕ್ಕೆ ಇನ್ನೊಂದು ಆಗುವುದು ಹೇಗೆ?

ಸಂಗ್ರಾಹಕರ ವಾದದಲ್ಲೂ ಹುರುಳಿದೆ. ಮೂಲ ಭಾಗಗಳು ಸಾಕ್ಷಿ. ಕಂಡಕಂಡವರು ಕೈ ಹಾಕಿದರೆ ಸಾಕ್ಷಿ ಅಳಿಯುತ್ತದೆ. ನಾನು ಗ್ರಂಥಸಂಪಾದನೆಯ ವಿದ್ಯಾರ್ಥಿ, ಈ ಭಯ ನನಗೆ ಗೊತ್ತು. ಓಲೆಗರಿಯ ಪಾಠವನ್ನು ಸದ್ದಿಲ್ಲದೆ ತಿದ್ದಿದವನನ್ನು ನಮ್ಮ ಶಿಸ್ತು ಕ್ಷಮಿಸುವುದಿಲ್ಲ. ಆದರೆ ನಮ್ಮ ಶಿಸ್ತು ರಿಪೇರಿಯನ್ನು ನಿಷೇಧಿಸುವುದೂ ಇಲ್ಲ, ದಾಖಲಿಸು ಎನ್ನುತ್ತದೆ. ನಮ್ಮ ಮಸ್ಕಿಯ ಶಾಸನವನ್ನೇ ನೋಡಿ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಬಂಡೆಯಿಂದಲೇ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಎಂದು ಖಾತ್ರಿಯಾದದ್ದು. ಆ ಶಾಸನದ ಎಷ್ಟೋ ಅಕ್ಷರಗಳು ಸವೆದು ಹೋಗಿವೆ. ವಿದ್ವಾಂಸರು ಬೇರೆ ಊರಿನ ಬಂಡೆಗಳ ಪಾಠ ತಂದು ಅಲ್ಲಿ ಕೂಡಿಸಿ, ಕಂಸ ಹಾಕಿ ಓದುತ್ತಾರೆ. ಅಂಬಾಸಿಡರಿನ ಇಂಜಿನ್ ತಂದು ಕಂಟೆಸ್ಸಾಕ್ಕೆ ಕೂಡಿಸಿದ್ದಕ್ಕೂ ಇದಕ್ಕೂ ಏನು ಫರಕು? ವಿದ್ವಾಂಸರು ಮಾಡಿದ್ದು ಸಂಶೋಧನೆ, ಅಪ್ಪ ಮಾಡಿದ್ದು ರಿಪೇರಿ. ಅಷ್ಟೇ ಫರಕು.

ಈ ಫರಕನ್ನು ಕಾಪಾಡಿಕೊಂಡು ಬಂದವರಲ್ಲಿ ನಾವು ವಿಶ್ವವಿದ್ಯಾಲಯದವರೂ ಇದ್ದೇವೆ. ಪ್ರತಿ ಸೆಮಿನಾರಿನಲ್ಲೂ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಮಾದಾರ ಚೆನ್ನಯ್ಯನ ಹೆಸರು ಹೇಳದೆ ಭಾಷಣ ಮುಗಿಸುವುದಿಲ್ಲ. ಆದರೆ ಗ್ಯಾರೇಜಿನ ಕನ್ನಡದ ಬಗ್ಗೆ ಒಂದು ಪ್ರಬಂಧ ಓದುತ್ತೇನೆಂದು ಒಮ್ಮೆ ಕೇಳಿದಾಗ, "ಇದು ನಿಮ್ಮ ಕ್ಷೇತ್ರವಲ್ಲವಲ್ಲ" ಎಂಬ ಉತ್ತರ ಬಂತು. ಎಂಟುನೂರು ವರ್ಷ ಹಿಂದಿನ ಕಾಯಕ ನಮಗೆ ಸಾಹಿತ್ಯ, ಕಣ್ಣೆದುರಿನದು ಗ್ರೀಸು. ನಾನೂ ಸುಮ್ಮನೆ ಒಪ್ಪಿಕೊಂಡು ಬಂದೆ. ಹಾಸ್ಟೆಲಿನಲ್ಲಿ ಅಪ್ಪನ ಕೆಲಸ ಕೇಳಿದರೆ 'ಬಿಸಿನೆಸ್' ಎನ್ನುತ್ತಿದ್ದವನು ನಾನೇ.

ಅಪ್ಪನಿಗೆ ಈಗ ಶಿಷ್ಯರಿಲ್ಲ. ಕೊನೆಯ ಹುಡುಗ ಕಂಪನಿಯ ಶೋರೂಮಿಗೆ ಸೇರಿಕೊಂಡ. "ಅಲ್ಲಿ ಕಂಪ್ಯೂಟರ್ ಹೇಳತೈತಿ, ಇವ ಬಿಚ್ಚಿ ಒಗೀತಾನ, ಹೊಸಾದು ಹಾಕ್ತಾನ" ಎನ್ನುತ್ತಾರೆ ಅಪ್ಪ. ಅವನನ್ನು ದೂರುವುದಿಲ್ಲ, ಅಲ್ಲಿ ತಿಂಗಳ ಪಗಾರ ಇದೆ, ಪಿಎಫ್ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ವಿಂಟೇಜ್ ನಿಯಮದಲ್ಲಿ 'ಮೂಲ ರೂಪ'ದ ಜೊತೆಗೆ 'ದಾಖಲಾದ ದುರಸ್ತಿ'ಗೂ ಜಾಗ ಕೊಡಿ. ಯಾವ ಭಾಗ ಯಾವಾಗ, ಯಾಕೆ, ಯಾರ ಕೈಯಿಂದ ಬದಲಾಯಿತು ಎಂಬ ಪಟ್ಟಿ ಕಾರಿನ ಕಾಗದದೊಂದಿಗೆ ಇರಲಿ. ಹಳೆ ಕಾರು ಪ್ರದರ್ಶನಕ್ಕಿಟ್ಟವರು ಮಾಲೀಕನ ಹೆಸರಿನ ಕೆಳಗೆ ಮಿಸ್ತ್ರಿಯ ಹೆಸರನ್ನೂ ಬರೆಯಲಿ.

ಮೊದಲ ಪಟ್ಟಿ ನಾನೇ ಶುರು ಮಾಡಿದ್ದೇನೆ. ಅಪ್ಪನ ಎಣ್ಣೆ ಹತ್ತಿದ ನೋಟುಬುಕ್ಕುಗಳಲ್ಲಿ ಕನ್ನಡ, ತೆಲುಗು, ಉರ್ದು ಪದಗಳೆಲ್ಲ ಕಲೆತಿವೆ. ರಾತ್ರಿ ಊಟವಾದ ಮೇಲೆ ನಾನು ಓದುತ್ತೇನೆ, ಅಪ್ಪ ಬಿಡಿಸಿ ಹೇಳುತ್ತಾರೆ. 2011ರವರೆಗೆ ಮುಗಿದಿದೆ. ಮೊನ್ನೆ ಒಂದು ಸಾಲು ಅಳಿಸಿಹೋಗಿತ್ತು. "ಏನಿರಬಹುದು ಅಪ್ಪಾ?" ಎಂದೆ. ಸ್ವಲ್ಪ ಹೊತ್ತು ನೋಡಿ, "ಹೆಡ್ ಪ್ಯಾಕಿಂಗ್ ಇರಬೇಕು ತಮ್ಮಾ. ಖಾತ್ರಿ ಇಲ್ಲ, ಹಂಗss ಬರಿಬ್ಯಾಡ" ಎಂದರು.

ಕಂಸ ಹಾಕಿ ಬರೆದುಕೊಂಡೆ.