ಎರಡನೇ ವಾದ್ಯಕ್ಕೆ ಬೇರೆ ಕೂಲಿ

ಕಳೆದ ತಿಂಗಳು ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಇಂಟರ್ನ್‌ಶಿಪ್ ಪ್ರಕಟಣೆಯೊಂದು ಬಂತು. ವೆಬ್‌ಸೈಟ್ ಮಾಡಲು ಬರಬೇಕು, ಮೊಬೈಲ್ ಆ್ಯಪ್ ಗೊತ್ತಿರಬೇಕು, ಡೇಟಾ ವಿಶ್ಲೇಷಣೆ ತಿಳಿದಿರಬೇಕು, ವಿಡಿಯೊ ಎಡಿಟಿಂಗ್ ಬಂದರೆ ಒಳ್ಳೆಯದು, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬರೆಯಬೇಕು. ಸ್ಟೈಪೆಂಡ್ ಎಷ್ಟು ಎಂದು ಇರಬೇಕಾದ ಜಾಗದಲ್ಲಿ ‘ಅನುಭವ ಪತ್ರ ನೀಡಲಾಗುವುದು’ ಎಂದಿತ್ತು. ‘ಲೋ, ಇದು ಐದು ಜನರ ಕೆಲಸ ಕಣೋ’ ಎಂದ ಪಕ್ಕದ ಬೆಂಚಿನ ಗೆಳೆಯ. ಹಾಗೆಂದವನೇ ಸಂಜೆಯೊಳಗೆ ಅರ್ಜಿ ಹಾಕಿದ್ದ.

ಅದೇ ವಾರ ‘ದಿ ರೆಕಿಂಗ್ ಕ್ರೂ’ ಎಂಬ ಸಾಕ್ಷ್ಯಚಿತ್ರ ನೋಡಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1960ರ ದಶಕದಲ್ಲಿ ಸ್ಟುಡಿಯೊದಿಂದ ಸ್ಟುಡಿಯೊಗೆ ಓಡಾಡುತ್ತ ದಿನಗೂಲಿಯಂತೆ ನುಡಿಸುತ್ತಿದ್ದ ವಾದ್ಯಗಾರರ ಕಥೆ ಅದು. ಅವರಲ್ಲೊಬ್ಬರು ಗಿಟಾರ್ ವಾದಕ ಟಾಮಿ ಟೆಡೆಸ್ಕೊ. ಸಾಕ್ಷ್ಯಚಿತ್ರ ಮಾಡಿದವರು ಅವರ ಮಗ ಡೆನ್ನಿ. ನೋಡಿ ಮುಗಿಸಿದ ಮೇಲೂ ನನ್ನ ತಲೆಯಲ್ಲಿ ಆ ಇಂಟರ್ನ್‌ಶಿಪ್ ಪ್ರಕಟಣೆಯೇ ಸುತ್ತುತ್ತಿತ್ತು. ಐದು ಕೆಲಸ ಬಲ್ಲ ಒಬ್ಬ ಮನುಷ್ಯ ಇಲ್ಲಿಯೂ ಇದ್ದ. ಆದರೆ ಲೆಕ್ಕ ಬೇರೆಯಿತ್ತು.

ಟೆಡೆಸ್ಕೊ 1930ರಲ್ಲಿ ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಿನಲ್ಲಿ ಹುಟ್ಟಿ, 1950ರ ದಶಕದಲ್ಲಿ ಲಾಸ್ ಏಂಜಲೀಸ್‌ಗೆ ಬಂದವರು. ಅವರ ಹೆಸರು ನಮಗೆ ಗೊತ್ತಿಲ್ಲದಿರಬಹುದು, ಗಿಟಾರ್ ದನಿ ಎಲ್ಲೋ ಕಿವಿಗೆ ಬಿದ್ದೇ ಇರುತ್ತದೆ. ‘ಬ್ಯಾಟ್‌ಮ್ಯಾನ್’, ‘ಮ್ಯಾಶ್’ ಟಿವಿ ಸರಣಿಗಳ ಶೀರ್ಷಿಕೆ ಸಂಗೀತದಿಂದ ‘ಗಾಡ್‌ಫಾದರ್’, ‘ಜಾಸ್’ ಸಿನಿಮಾಗಳವರೆಗೆ, ಬೀಚ್ ಬಾಯ್ಸ್ ತಂಡದ ಹಾಡುಗಳವರೆಗೆ ಅವರ ಪಟ್ಟಿ ಹಬ್ಬಿದೆ. ಇತಿಹಾಸದಲ್ಲೇ ಅತಿ ಹೆಚ್ಚು ಧ್ವನಿಮುದ್ರಣಗೊಂಡ ಗಿಟಾರ್ ವಾದಕ ಎಂದು ‘ಗಿಟಾರ್ ಪ್ಲೇಯರ್’ ಪತ್ರಿಕೆ ಅವರನ್ನು ಕರೆದಿತ್ತು. ಮನಸ್ಸು ಮಾತ್ರ ಜಾಝ್ ಕಡೆಗೇ. ಅವರ ಹೆಸರಿನ ಜಾಝ್ ಆಲ್ಬಂಗಳು 1978ರ ಹೊತ್ತಿಗೆ, ಐವತ್ತು ಹತ್ತಿರವಾದಾಗ ಬಂದವು.

ಅವರ ಬಹುಮುಖತೆಯ ಹಿಂದಿನ ಉಪಾಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ತುಂಬಾ ಇಷ್ಟವಾಗುವಂಥದ್ದು. ಮ್ಯಾಂಡೊಲಿನ್, ಯುಕುಲೆಲೆ, ಬ್ಯಾಂಜೊ ಹೀಗೆ ಯಾವ ತಂತಿವಾದ್ಯ ಕೇಳಿದರೂ ಒಯ್ಯುತ್ತಿದ್ದರು. ಆದರೆ ಅದನ್ನು ಅದರ ಕ್ರಮದಲ್ಲಿ ಶ್ರುತಿ ಮಾಡದೆ ಗಿಟಾರ್‌ನಂತೆ ಶ್ರುತಿ ಮಾಡಿಕೊಂಡು ನುಡಿಸುತ್ತಿದ್ದರು. ದನಿ ಮ್ಯಾಂಡೊಲಿನ್‌ನದು, ಬೆರಳ ಲೆಕ್ಕ ಗಿಟಾರ್‌ನದು. ಹಾರ್ಡ್‌ವೇರ್ ಬದಲಾದರೂ ಒಳಗಿನ ಪ್ರೋಗ್ರಾಂ ಒಂದೇ! (ವೈವಾದಲ್ಲಿ ಯಾವ ಪ್ರಶ್ನೆ ಕೇಳಿದರೂ ನನಗೆ ಗೊತ್ತಿರುವ ಒಂದೇ ಉತ್ತರದ ಕಡೆಗೆ ಎಳೆದುಕೊಂಡು ಹೋಗುವವನು ನಾನು. ಅವರ ಉಪಾಯಕ್ಕೂ ನನ್ನದಕ್ಕೂ ಹೋಲಿಕೆ ಮಾಡಿದರೆ ತಪ್ಪಾಗುತ್ತದೆ.) ಇದಕ್ಕೆ ಜೊತೆಯಾಗಿ ಸ್ವರಲಿಪಿಯನ್ನು ಮೊದಲ ನೋಟಕ್ಕೇ ಓದಿ ನುಡಿಸುವ ಕಸುಬು ಇತ್ತು. ಮುಂದೆ ಇಡುವ ಹಾಳೆಯಲ್ಲಿ ಏನಿರುತ್ತದೆಂದು ಹೋಗುವವರೆಗೂ ತಿಳಿಯದು. ಹೋದ ಮೇಲೆ ತಾಲೀಮಿಗೆ ಸಮಯವೂ ಇಲ್ಲ.

ಇಲ್ಲಿಯವರೆಗಿನದು ನಮ್ಮ ಪ್ರೇರಣಾ ಭಾಷಣಕಾರರಿಗೂ ಹಿಡಿಸುವ ಕಥೆ: ಎಲ್ಲವನ್ನೂ ಕಲಿಯಿರಿ, ಅವಕಾಶ ಬರುತ್ತದೆ. ಆದರೆ ಅವರು ಬಿಟ್ಟುಬಿಡುವ ಭಾಗ ಒಂದಿದೆ.

ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡಿಂಗ್ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಸೆಷನ್ ಅಂದರೆ ಮೂರು ಗಂಟೆ. ಮೀರಿದರೆ ಓವರ್‌ಟೈಮ್. ಅದರಲ್ಲಿ ‘ಡಬ್ಲಿಂಗ್’ ಎಂಬ ನಿಯಮವೂ ಇದೆ. ಒಂದೇ ಸೆಷನ್‌ನಲ್ಲಿ ಎರಡನೇ ವಾದ್ಯ ನುಡಿಸಿದರೆ ಮೂಲ ಕೂಲಿಯ ಮೇಲೆ ನಿಗದಿತ ಪ್ರಮಾಣದ ಹೆಚ್ಚುವರಿ ಕೊಡಬೇಕು. ಮೂರನೆಯದಕ್ಕೆ ಮತ್ತಷ್ಟು. ಅಂದರೆ ವಾದ್ಯ ಬದಲಿಸುವ ಕೌಶಲಕ್ಕೆ ಕಾಗದದ ಮೇಲೆ ಬೆಲೆ ಬರೆದಿತ್ತು. ಜೊತೆಗೆ 1959ರಿಂದ ಅವರ ಪಿಂಚಣಿ ನಿಧಿಯೂ ಇದೆ. ಒಪ್ಪಂದದಡಿ ನಡೆಯುವ ಕೆಲಸಗಳಿಗೆ ಮಾಲೀಕರು ಅದಕ್ಕೆ ವಂತಿಗೆ ತುಂಬುತ್ತಾರೆ.

ಟೆಡೆಸ್ಕೊ ಇದನ್ನು ಬಚ್ಚಿಡಲೂ ಇಲ್ಲ. ‘ಗಿಟಾರ್ ಪ್ಲೇಯರ್’ ಪತ್ರಿಕೆಯಲ್ಲಿ ವರ್ಷಗಟ್ಟಲೆ ‘ಸ್ಟುಡಿಯೊ ಲಾಗ್’ ಎಂಬ ಅಂಕಣ ಬರೆದರು. ಇಂಥ ಕೆಲಸಕ್ಕೆ ಕರೆದರು, ಇಂಥ ವಾದ್ಯ ಒಯ್ದೆ, ಇಲ್ಲಿ ತೊಡಕಾಯಿತು, ಹೀಗೆ ಬಿಡಿಸಿಕೊಂಡೆ ಎಂದು ಹೇಳಿ, ಕೊನೆಗೆ ಎಷ್ಟು ಹಣ ಸಿಕ್ಕಿತೆಂದೂ ಬರೆಯುತ್ತಿದ್ದರು. ಓದುತ್ತಿದ್ದವರಲ್ಲಿ ನಾಳೆ ಅದೇ ಕೆಲಸಕ್ಕೆ ಬರಲಿದ್ದ ಹುಡುಗರೂ ಇದ್ದರು. ನಮ್ಮಲ್ಲಿ ಸೀನಿಯರ್‌ಗಳನ್ನು ‘ಎಷ್ಟು ಪ್ಯಾಕೇಜ್’ ಎಂದು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ. ಕೆಲಸ ಒಪ್ಪಿಕೊಳ್ಳಲು ಅವರು ಕೊಡುತ್ತಿದ್ದ ಕಾರಣಗಳು ನಾಲ್ಕು: ಹಣ, ಪರಿಚಯ, ಅನುಭವ, ಇಲ್ಲವೇ ಬರೀ ಖುಷಿ. ‘ಅನುಭವ’ ಅಲ್ಲಿ ನಾಲ್ಕರಲ್ಲಿ ಒಂದು, ಅದನ್ನು ಆರಿಸಿಕೊಳ್ಳುವವನು ವಾದಕ. ನಮ್ಮ ಪ್ರಕಟಣೆಯಲ್ಲಿ ಅದೊಂದೇ ಇತ್ತು, ಆರಿಸಿದವರು ಕಂಪನಿಯವರು.

ಈ ಒಪ್ಪಂದಗಳು ಯಾರ ದಯೆಯಿಂದಲೂ ಬರಲಿಲ್ಲ. ರೆಕಾರ್ಡು ಮತ್ತು ರೇಡಿಯೊ ಬಂದ ಮೇಲೆ ಹೋಟೆಲು, ಸಭಾಂಗಣಗಳಲ್ಲಿ ನುಡಿಸುತ್ತಿದ್ದವರ ಕೆಲಸ ಹೋಗತೊಡಗಿತು. ವಾದ್ಯಗಾರರ ಸಂಘ 1942ರ ಆಗಸ್ಟ್ 1ರಿಂದ ರೆಕಾರ್ಡಿಂಗ್ ಅನ್ನೇ ನಿಲ್ಲಿಸಿತು. ದೊಡ್ಡ ಕಂಪನಿಗಳಾದ ಕೊಲಂಬಿಯಾ, ಆರ್‌ಸಿಎ ವಿಕ್ಟರ್ ಮಣಿದದ್ದು 1944ರ ನವೆಂಬರ್‌ನಲ್ಲಿ. ಮಾರಾಟವಾಗುವ ರೆಕಾರ್ಡುಗಳ ಮೇಲೆ ಇಷ್ಟಿಷ್ಟು ಹಣವನ್ನು ಒಂದು ನಿಧಿಗೆ ಹಾಕಬೇಕು, ಅದರಿಂದ ವಾದ್ಯಗಾರರಿಗೆ ಕೆಲಸ ಕೊಡಬೇಕು ಎಂದಾಯಿತು. ಯಂತ್ರವನ್ನು ತಡೆಯಲು ಅವರಿಂದ ಆಗಲಿಲ್ಲ. ಯಂತ್ರದ ಗಳಿಕೆಯಲ್ಲಿ ಪಾಲು ಕೇಳಿದರು.

ನಾವು ಈಗ ದಿನಬೆಳಗಾದರೆ ಕೇಳುವ ‘ಗಿಗ್’ ಎಂಬ ಮಾತು ಹರಡಿದ್ದೇ ಜಾಝ್ ವಾದಕರ ಆಡುಮಾತಿನಿಂದ. ಒಂದು ರಾತ್ರಿಯ ಕಾರ್ಯಕ್ರಮವೆಂದರೆ ಒಂದು ಗಿಗ್. ಆ ಮಾತು ಈಗ ನಮ್ಮ ರಾಜ್ಯದ ಕಾನೂನಿನ ಹೆಸರಿನೊಳಗೂ ಇದೆ. 2025ರ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಪಾಲು: ವಾದ್ಯಗಾರರ ಪಿಂಚಣಿ ನಿಧಿಯ ಲೆಕ್ಕಕ್ಕೆ ಇದು ಹತ್ತಿರದ ಸಂಬಂಧಿ. ದೇಶದಲ್ಲಿ 2020–21ರಲ್ಲಿ 77 ಲಕ್ಷ ಇದ್ದ ಗಿಗ್ ಕಾರ್ಮಿಕರು 2029–30ಕ್ಕೆ 2.35 ಕೋಟಿ ಆಗಬಹುದೆಂದು ನೀತಿ ಆಯೋಗ ಅಂದಾಜಿಸಿದೆ. ಪದವಿ ಕೈಯಲ್ಲಿ ಹಿಡಿದು ಅವರ ನಡುವೆ ನಿಲ್ಲುವವರಲ್ಲಿ ನಮ್ಮ ಬ್ಯಾಚಿನವರೂ ಇರುತ್ತಾರೆ. ಆದರೆ ಈ ಕಾಯ್ದೆ ಪ್ಲಾಟ್‌ಫಾರ್ಮ್ ಮೂಲಕ ಕೆಲಸ ಪಡೆಯುವವರಿಗೆ. ಐದು ಕೆಲಸ ಮಾಡುವ ಇಂಟರ್ನ್‌ಗೆ ಡಬ್ಲಿಂಗ್ ನಿಯಮ ಯಾವ ಕಾಯ್ದೆಯಲ್ಲೂ ನನಗೆ ಕಾಣಲಿಲ್ಲ.

ಟೆಡೆಸ್ಕೊ ಕಾಲವನ್ನು ಸ್ವರ್ಗ ಮಾಡುವುದೂ ಬೇಡ. ಎಷ್ಟೋ ಆಲ್ಬಂಗಳ ಹೊದಿಕೆಯ ಮೇಲೆ ಅವರ ಹೆಸರಿರಲಿಲ್ಲ. ಅಮೆರಿಕದ ಸಾಮಾನ್ಯ ರೇಡಿಯೊ ಹಾಡು ಬಿತ್ತರಿಸಿದರೆ ಬರೆದವರಿಗೆ ಹಣ ಹೋಗುತ್ತದೆ, ನುಡಿಸಿದವರಿಗೆ ಇವತ್ತಿಗೂ ಇಲ್ಲ. ಮಗ ಡೆನ್ನಿ 1996ರಲ್ಲಿ ಚಿತ್ರೀಕರಣ ಶುರುಮಾಡಿದರು. ಚಿತ್ರ 2008ರಲ್ಲಿ ಉತ್ಸವಗಳಿಗೆ ಬಂತು, ಚಿತ್ರಮಂದಿರಕ್ಕೆ ಬಂದದ್ದು 2015ರಲ್ಲಿ. ಬಳಸಿದ ಹಾಡುಗಳ ಹಕ್ಕಿಗೆ ಹಣ ಕಟ್ಟಲು ಜನರಿಂದ ದೇಣಿಗೆ ಎತ್ತಬೇಕಾಯಿತು. ಅಪ್ಪ ಮತ್ತು ಅವರ ಜೊತೆಗಾರರು ನುಡಿಸಿದ ಹಾಡುಗಳನ್ನು ಕೇಳಿಸಲು ಮಗ ಚಂದಾ ಎತ್ತಿದ್ದು!

ಈಗಿನ ಸಂಗತಿಗೆ ಬರುತ್ತೇನೆ. ಹಾಲಿವುಡ್ ಸ್ಟುಡಿಯೊಗಳಲ್ಲಿ ಹಳೆಯ ತಮಾಷೆಯೊಂದಿದೆ. ಕಲಾವಿದನ ಬಾಳು ಹೀಗೆ ಸಾಗುತ್ತದಂತೆ: ಮೊದಲು ‘ಅವನ್ಯಾರು?’, ಆಮೇಲೆ ‘ಅವನನ್ನೇ ಕರೆಸಿ’, ಆಮೇಲೆ ‘ಅವನಂತೆ ನುಡಿಸುವವನನ್ನು ಕರೆಸಿ’, ಕೊನೆಗೆ ಮತ್ತೆ ‘ಅವನ್ಯಾರು?’ ಈ ಮೂರನೇ ಮೆಟ್ಟಿಲಿನಲ್ಲಿ ಮೊದಲು ಇನ್ನೊಬ್ಬ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಈಗ ಎಐಗೆ ಒಂದು ಸಾಲು ಟೈಪ್ ಮಾಡಿದರೆ ಸಾಕು. 2024ರ ಜೂನ್‌ನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಸುನೊ, ಯುಡಿಯೊ ಎಂಬ ಎಐ ಸಂಗೀತ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. 2025ರಲ್ಲಿ ಯೂನಿವರ್ಸಲ್, ವಾರ್ನರ್ ರಾಜಿಯಾಗಿ ಪರವಾನಗಿ ಒಪ್ಪಂದ ಮಾಡಿಕೊಂಡವು. ಎರಡೂ ಕಡೆ ಕುಳಿತವರು ಕಂಪನಿಗಳು. ಆ ರೆಕಾರ್ಡುಗಳಲ್ಲಿ ಎರಡನೇ ಗಿಟಾರ್ ನುಡಿಸಿದವನಿಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಅದೇ 2024ರಲ್ಲಿ ವಾದ್ಯಗಾರರ ಸಂಘ ಸಿನಿಮಾ, ಟಿವಿ ಸ್ಟುಡಿಯೊಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸ್ಟ್ರೀಮಿಂಗ್ ಸಂಭಾವನೆ ಮತ್ತು ಎಐ ಬಳಕೆಯ ಷರತ್ತು ಎರಡೂ ಸೇರಿದವು. ಅಲ್ಲಿ ಅವರಿಗೆ ಕುರ್ಚಿ ಇತ್ತು.

ಕೋಡ್ ಬರೆಯುವ ನಮ್ಮ ಮೂರನೇ ಮೆಟ್ಟಿಲೂ ಅಲುಗಾಡುತ್ತಿದೆ. ಅದಕ್ಕೆ ನಮ್ಮ ಕ್ಲಾಸಿನಲ್ಲಿ ಸಿಗುವ ಉತ್ತರ ಒಂದೇ: ಇನ್ನೂ ಎರಡು ಕೋರ್ಸ್ ಮಾಡು. ಮಾಡುತ್ತಲೂ ಇದ್ದೇವೆ, ನಾನೂ ಮಾಡುತ್ತಿದ್ದೇನೆ. ಆರನೇ ವಾದ್ಯ ಕಲಿತವನಿಗೆ ಐದನೆಯದರ ಕೂಲಿಯೇ ಸಿಗದಿದ್ದರೆ ಕೋರ್ಸಿನ ಫೀಸು ಯಾರ ಜೇಬಿನಿಂದ ಹೋಯಿತು ಎಂಬ ಲೆಕ್ಕ ಮಾತ್ರ ಯಾರೂ ಹಾಕುತ್ತಿಲ್ಲ.

1992ರಲ್ಲಿ ಪಾರ್ಶ್ವವಾಯು ಬಡಿದು ಟೆಡೆಸ್ಕೊ ಕೈ ನಿಂತಿತು. 1997ರಲ್ಲಿ ತೀರಿಕೊಂಡರು. ಸಾಕ್ಷ್ಯಚಿತ್ರದಲ್ಲಿ ಅವರು ಹಳೆಯ ಗೆಳೆಯರೊಡನೆ ಮೇಜಿನ ಸುತ್ತ ಕುಳಿತು ನಗುತ್ತಾರೆ.

ಆ ಪ್ರಕಟಣೆಯಲ್ಲಿದ್ದ ವಿಳಾಸಕ್ಕೆ ನಾನೊಂದು ಮೇಲ್ ಕಳಿಸಿದೆ. ಈ ಐದರಲ್ಲಿ ಮುಖ್ಯ ಕೆಲಸ ಯಾವುದು, ಉಳಿದವನ್ನು ಮಾಡಿಸಿದರೆ ಏನು ಕೊಡುತ್ತೀರಿ ಎಂದು ಕೇಳಿದ್ದೆ. ಮೂರನೇ ದಿನ ಉತ್ತರ ಬಂತು: ‘ಸೇರಿದ ಮೇಲೆ ಮಾತನಾಡೋಣ.’ ಗೆಳೆಯ ಸೋಮವಾರದಿಂದ ಹೋಗುತ್ತಿದ್ದಾನೆ. ಸದ್ಯ ವಿಡಿಯೊ ಎಡಿಟಿಂಗ್ ಮಾಡಿಸುತ್ತಿದ್ದಾರಂತೆ.