ಅಪ್ಪನ ಗಂಟು

ನಮ್ಮ ಸಭೆಗಳಲ್ಲಿ ಅಪ್ಪನ ಬಗ್ಗೆ ಯಾರು ಕವಿತೆ ಓದಿದರೂ ಅದರಲ್ಲಿ ಬರೋ ಅಪ್ಪ ಎರಡೇ ಥರ ಇರ್ತಾನೆ. ಒಂದು, ಒಡೆಯನ ಕೊಟ್ಟಿಗೇಲಿ ಸಗಣಿ ಬಾಚಿ ಬಾಚಿ ಬೆನ್ನು ಬಾಗಿದ ಜೀತಗಾರ. ಇಲ್ಲಾ, ಕುಡಿದು ಬಂದು ಅವ್ವನ ಜುಟ್ಟು ಹಿಡಿಯೋ ಕುಡುಕ. ನಾನೂ ಹಂಗೇ ಬರೆದಿದ್ದೀನಿ. ಎರಡು ಸಲ ಚಪ್ಪಾಳೆ ಗಿಟ್ಟಿಸಿದ್ದೀನಿ. ಆದರೆ ಆ ಬೆನ್ನು ನನ್ನ ತಾತನದು, ಆ ಕುಡಿತ ಪಕ್ಕದ ಮನೆಯದು. ನಮ್ಮಪ್ಪ ಜೀತಕ್ಕಿರಲಿಲ್ಲ, ಕುಡೀತಿರಲಿಲ್ಲ. ಧನಗೆರೆಯ ನಮ್ಮ ಬೀದಿಯ ಯಜಮಾನರಲ್ಲಿ ಅವನೂ ಒಬ್ಬ. ಅಂಥ ಅಪ್ಪನಿಂದ ಕವಿತೆ ಹುಟ್ಟಲ್ಲ ಅಂತ ತಿಳಿದಿದ್ದೆ.

ಹೋದ ವರ್ಷ ಅಪ್ಪ ತೀರಿಕೊಂಡ. ಮಣ್ಣು ಮಾಡುವಾಗ ಅವನ ಎಲೆಯಡಿಕೆ ಚೀಲ, ಟವಲ್ಲು ಗುಂಡಿಗೆ ಹಾಕಿದರು. ಯಾರೋ ಮನೆಯಿಂದ ಒಂದು ಗಂಟನ್ನೂ ಹೊತ್ತು ತಂದರು. ಹಳೇ ಪಂಚೆಯಲ್ಲಿ ಕಟ್ಟಿದ ಕಾಗದದ ಗಂಟು. 'ಇದೂ ಅವರ್ದೇ, ಜೊತೆಗಿರ್ಲಿ' ಅಂದರು. ನಾನು ಸುಮ್ಮನಿದ್ದೆ. ಬಿ.ಎ. ಓದಿದ ಮಗ, ಕವಿ, ಸುಮ್ಮನೇ ನಿಂತಿದ್ದೆ! ಆಗ ನಮ್ಮ ಬೀದಿಯ ಒಂದು ಅಜ್ಜಿ ಗುಂಡಿಯ ದಡದಿಂದ ಕೂಗಿಕೊಂಡಳು: 'ಅದ್ರೊಳ್ಗ ನನ್ ಜಮೀನು ಅದ ಕನ್ರಪ್ಪಾ! ನನ್ ಜಮೀನ ಹೂಳ್ಬ್ಯಾಡ್ರಪ್ಪಾ!'

ಗಂಟು ಮನೆಗೆ ವಾಪಸ್ಸು ಬಂತು. ತಿಥಿ ಮುಗಿಸಿ ಬಿಚ್ಚಿದೆ.

ಅರ್ಜಿಗಳು. ಅರ್ಜಿಗಳ ನಕಲುಗಳು. ರಿಜಿಸ್ಟರ್ ಪೋಸ್ಟಿನ ರಸೀತಿಗಳು, ಒಂದೊಂದರ ಹಿಂದೆಯೂ ಅಪ್ಪನ ಗುಂಡು ಅಕ್ಷರದಲ್ಲಿ ತಾರೀಖು. ವಿಧವಾ ವೇತನ, ರೇಷನ್ ಕಾರ್ಡು, ಸುಡುಗಾಡಿನ ದಾರಿ, ಬೋರ್‌ವೆಲ್ಲು, ಹಾಸ್ಟೆಲ್ ಸೀಟು. ಭಾಗ್ಯಜ್ಯೋತಿ ದೀಪದ್ದೇ ಹನ್ನೊಂದು ಅರ್ಜಿ. ನಮ್ಮ ತಾಲ್ಲೂಕಿನ ಅಂಚಿನಲ್ಲೇ ಇರೋ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ನಮ್ಮ ಬೀದಿಯ ಗುಡಿಸಲಿಗೆ ಒಂದೊಂದು ಬಲ್ಬು ಬರೋಕೆ ಹನ್ನೊಂದು ಅರ್ಜಿ ಬೇಕಾಯ್ತು.

ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್ಕು. ಯಾರ ಸಾವಿಗೆ ಯಾವ ಮನೆಯಿಂದ ಎಷ್ಟು ಸೇರು ರಾಗಿ ಬಂತು, ಯಾವ ಗಂಡಹೆಂಡಿರ ಜಗಳ ಎಲ್ಲಿಗೆ ನಿಂತಿತು, ಯಾರ ಮಗ ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟ, ಎಲ್ಲ ಅದರಲ್ಲಿದೆ. ಇನ್ನೊಂದೂ ಇದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಮಾದಿಗರ ಹುಡುಗನನ್ನು ಕಟ್ಟಿಕೊಂಡಾಗ ಅವಳ ಮನೆಗೆ ದಂಡ ಹಾಕಿದ ಪಂಚಾಯ್ತಿ. ಕೂತವರ ಹೆಸರುಗಳಲ್ಲಿ ಅಪ್ಪನದೂ ಇದೆ, ಅವನದೇ ಕೈಬರಹದಲ್ಲಿ. ಸವರ್ಣೀಯರಿಂದ ಉಗಿಸಿಕೊಂಡವರು ನಮಗಿಂತ ಕೆಳಗೆ ಯಾರನ್ನೋ ಹುಡುಕಿಕೊಂಡ ಕಥೆ. ಆ ಹಾಳೆಯನ್ನು ಹರಿದುಬಿಡಬೇಕು ಅನ್ನಿಸಿತು. ಹರಿದಿಲ್ಲ. ಅಪ್ಪನನ್ನು ದೇವರು ಮಾಡೋಕೆ ಇದನ್ನ ಬರೀತಿಲ್ಲ.

ಅಪ್ಪನಿಗೆ ಅರ್ಜಿ ಬರೆಯೋ ಚಟ ಹತ್ತಿದ್ದು ಹೆಂಗೆ ಅನ್ನೋದನ್ನ ಹಾಸ್ಟೆಲಿನ ತಮ್ಮಂದಿರು, ತಂಗಿಯರು ತಿಳಿಯಬೇಕು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ. ನೆಲ ಮೈಸೂರಿಗೆ ಬಂದರೂ ನಮ್ಮ ಜಾತಿ ಬರಲಿಲ್ಲ! ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಳೇ ಮೈಸೂರಿಗೆ ಒಂದು ಪಟ್ಟಿ. ಎಲ್ಲೋ ಸಮುದ್ರದ ದಂಡೆಯ ದಕ್ಷಿಣ ಕನ್ನಡಕ್ಕೂ ನಮ್ಮ ಕೊಳ್ಳೇಗಾಲ ತಾಲ್ಲೂಕಿಗೂ ಸೇರಿಸಿ ಬೇರೆ ಪಟ್ಟಿ. ಯಾಕೆಂದರೆ ಎರಡೂ ಮದರಾಸಿನಿಂದ ಬಂದವು. ಹೊಳೆಯ ಈಚೆ ಒಂದು, ಆಚೆ ಒಂದು. 1976ರ ತಿದ್ದುಪಡಿ ಕಾಯಿದೆ 1977ರ ಜುಲೈ 27ರಂದು ಜಾರಿಗೆ ಬಂದ ಮೇಲೇ ಈ ತಾಲ್ಲೂಕು ಗಡಿ ಹೋಯಿತು. ಅಪ್ಪ ಆಗ ಹೈಸ್ಕೂಲು ಹುಡುಗ. ಜಾತಿ ಸರ್ಟಿಫಿಕೇಟಿಗೆ ಅಂತ ಒಂದು ಕಛೇರಿಗೆ ಅಲೆದಲೆದು, ಅಲ್ಲಿಯ ಗುಮಾಸ್ತರು 'ಇದು ಸರಿ ಇಲ್ಲ, ಬರೆಸಿಕೊಂಡು ಬಾ' ಅಂತ ಅಟ್ಟಿ ಅಟ್ಟಿ, ಬರೆಸೋಕೆ ಕಾಸಿಲ್ಲದೆ ತಾನೇ ಬರೆಯೋದು ಕಲಿತ. ಆಮೇಲೆ ಇಡೀ ಬೀದಿಗೆ ಬರೆದ. ಎಸ್ಸೆಸ್ಸೆಲ್ಸಿ ಫೇಲು. ಅವನು ಬರೆದ ಅರ್ಜಿಯಿಂದ ಹಾಸ್ಟೆಲ್ ಸೇರಿದವರು ಪಾಸಾದರು.

ಇಂಥ ಅಪ್ಪನ ಜೊತೆ ನಾನು ಜಗಳ ಆಡಿದ್ದೇ ಆಡಿದ್ದು. ಕಾಲೇಜು ಸೇರಿ ನಾಲ್ಕು ಪುಸ್ತಕ ಓದಿದ್ದೆನಲ್ಲ! 'ಮಹಾಸ್ವಾಮಿಯವರ ಸನ್ನಿಧಾನಕ್ಕೆ' ಅಂತ ಶುರು, 'ತಮ್ಮ ವಿಧೇಯ' ಅಂತ ಮುಕ್ತಾಯ. ಇದು ಭಿಕ್ಷೆ, ಹೋರಾಟ ಅಲ್ಲ ಅಂದೆ. ಅಪ್ಪ ಬೀಡಿ ಆರಿಸಿ ಹೇಳಿದ: 'ಮ್ಯಾಲ ಏನ್ ಬರ್ದೀನಿ ಅಂತ ನೋಡ್ಬ್ಯಾಡ ಕನಾ ಮೊಗ. ಕೆಳ್ಗ ಸೈನ್ ಹಾಕೀನಲ್ಲ, ಅದ ನೋಡು. ನಿಮ್ ತಾತ ಹೆಬ್ಬೆಟ್ಟು ಒತ್ತಿ ಒತ್ತೀಯೇ ಎಲ್ಲಾನೂ ಕಳ್ಕಂಡ.'

ಇನ್ನೊಂದು ಜಗಳ ಚಿಕ್ಕಲ್ಲೂರಿನದು. ಜನವರಿಯ ಹುಣ್ಣಿಮೆಗೆ ಸಿದ್ದಪ್ಪಾಜಿ ಜಾತ್ರೆ ಬಂತೆಂದರೆ ಅಪ್ಪನನ್ನು ಯಾರೂ ಹಿಡಿಯೋಕಾಗ್ತಿರಲಿಲ್ಲ. ಚಂದ್ರಮಂಡಲ ಹೊತ್ತಿಕೊಳ್ಳೋದನ್ನ ನೋಡಬೇಕು, ರಾತ್ರಿಯೆಲ್ಲ ನೀಲಗಾರರ ತಂಬೂರಿ ಕೇಳಬೇಕು, ಪಂಕ್ತಿಸೇವೆಯಲ್ಲಿ ಉಣ್ಣಬೇಕು. ದೇವರು ದಿಂಡರು ಅಂತ ತಿರುಗೋನು ಸಭೆಗೆ ಬಂದು ಜೈಭೀಮ್ ಅಂದರೆ ಏನು ಬಂತು ಅಂತ ಅಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಪ್ರಾಣಿಬಲಿ ಅಂತ ಹೇಳಿ ಆಡಳಿತ ಪಂಕ್ತಿಸೇವೆಗೆ ಅಡ್ಡಿ ಮಾಡಿದಾಗ ಮಾತ್ರ ಒಂದು ಮಾತು ಕೇಳಿದ: 'ಎಲ್ಲಾ ಜಾತಿಯವ್ರೂ ಒಂದೇ ಬಯ್ಲಲ್ಲಿ ಕುಂತು ಬಾಡುಣ್ಣ ಜಾಗ ಇನ್ನೆಲ್ಲದ ತೋರ್ಸು, ಅಲ್ಗೇ ಬತ್ತೀನಿ.' ತೋರಿಸೋಕೆ ನನ್ನ ಹತ್ತಿರ ಜಾಗ ಇರಲಿಲ್ಲ. ಅದನ್ನ ಅವನ ಮುಂದೆ ಒಪ್ಪಿಕೊಳ್ಳಲಿಲ್ಲ ಅನ್ನೋದು ಬೇರೆ ಮಾತು.

ಅಪ್ಪನ ಜೊತೆ ಜಗಳ ಆಡಿದವರಲ್ಲಿ ನಾವೇ ಮೊದಲಿಗರೇನಲ್ಲ. ಬಾಬಾಸಾಹೇಬರ ಫೋಟೋ ನಮ್ಮ ಎಲ್ಲ ಹಾಸ್ಟೆಲಿನಲ್ಲೂ ಇದೆ. ಅವರ ಅಪ್ಪ ರಾಮ್‌ಜಿ ಸಕ್ಪಾಲರ ಬಗ್ಗೆ ಎಷ್ಟು ಮಾತಾಡಿದ್ದೀವಿ? ರಾಮ್‌ಜಿ ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಹೆಡ್ಮಾಸ್ತರು. ಕಬೀರಪಂಥಿ, ಮಹಾ ಭಕ್ತ. ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನ ಸರ್ಕಾರ ನಿಲ್ಲಿಸಿದಾಗ ನ್ಯಾಯಮೂರ್ತಿ ರಾನಡೆಯವರ ಸಹಾಯ ತಗೊಂಡು ಅರ್ಜಿ ಹಾಕಿಸಿದರು ಅಂತ ಧನಂಜಯ ಕೀರ್ ಬರೆದಿದ್ದಾರೆ. ನೋಡಿ, ಅಲ್ಲೂ ಅರ್ಜಿ! ಮುಂಬೈಯ ಪರೇಲಿನಲ್ಲಿ ಒಂದೇ ಕೋಣೆಯ ಮನೆ. ಮಗನನ್ನು ಸಂಜೆ ಬೇಗ ಮಲಗಿಸಿ ರಾತ್ರಿ 2 ಗಂಟೆಗೆ ಎಬ್ಬಿಸಿ ಓದೋಕೆ ಕೂರಿಸೋರು. ಮಗ ಪುಸ್ತಕ ಕೇಳಿದರೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಒಡವೆ ಇಸಕೊಂಡು ಗಿರವಿ ಇಟ್ಟು ತರೋರು, ಪಿಂಚಣಿ ಬಂದಾಗ ಬಿಡಿಸಿಕೊಡೋರು.

ಅದೇ ರಾಮ್‌ಜಿ ಮಕ್ಕಳಿಂದ ರಾಮಾಯಣ ಮಹಾಭಾರತ ಓದಿಸ್ತಿದ್ದರು. ನಾವು ಅಸ್ಪೃಶ್ಯರು, ಕೀಳರಿಮೆ ಬರಬಾರದು, ದ್ರೋಣ ಕರ್ಣ ಎಲ್ಲಿಂದ ಎಲ್ಲಿಗೆ ಏರಿದರು ನೋಡು ಅನ್ನೋದು ಅವರ ವಾದ. ಮಗ ಒಪ್ಪಲಿಲ್ಲ. ಭೀಷ್ಮ ದ್ರೋಣರನ್ನೂ ಒಪ್ಪಲಿಲ್ಲ, ಕೃಷ್ಣನನ್ನೂ ಒಪ್ಪಲಿಲ್ಲ. ಇದನ್ನೆಲ್ಲ ಬಾಬಾಸಾಹೇಬರು 1956ರಲ್ಲಿ, 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕಕ್ಕೆ ಅಂತ ಬರೆದ ಮುನ್ನುಡಿಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ಸಾಯೋ ವರ್ಷದಲ್ಲೂ ಅಪ್ಪನ ಜೊತೆಗಿನ ಆ ವಾದ ಅವರಿಗೆ ನೆನಪಿತ್ತು! 1923ರಲ್ಲಿ ಬಂದ ರೂಪಾಯಿ ಸಮಸ್ಯೆಯ ಪುಸ್ತಕವನ್ನ ಅವರು ಅರ್ಪಿಸಿದ್ದು ಯಾವ ರಾಜನಿಗೂ ಅಲ್ಲ, ಅಪ್ಪ ಅವ್ವನ ನೆನಪಿಗೆ. ಇನ್ನೊಂದು ವಿಷಯ ನನಗೆ ನಿದ್ದೆ ಕೆಡಿಸಿದೆ. 1913ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಅಪ್ಪನಿಗೆ ಸೀರಿಯಸ್ ಅಂತ ತಂತಿ ಬಂತು. ಬರೋ ದಾರೀಲಿ ಅಪ್ಪನಿಗೆ ಅಂತ ಸಿಹಿ ಕೊಳ್ಳೋಕೆ ಸೂರತ್ತಿನಲ್ಲಿ ಇಳಿದರು. ರೈಲು ಹೊರಟುಹೋಯಿತು. ಮಾರನೇ ದಿನ ಮುಟ್ಟಿದಾಗ ಅಪ್ಪನ ಕೊನೇ ಗಳಿಗೆ. ಫೆಬ್ರವರಿ 2ರಂದು ರಾಮ್‌ಜಿ ಹೋದರು.

ನಮ್ಮ ಇತಿಹಾಸ ಬರೆಯೋರು 1973ರ ಬೂಸಾ ಗಲಾಟೆಯಿಂದ ಶುರು ಮಾಡ್ತಾರೆ, ಬಸವಲಿಂಗಪ್ಪನವರು, ಬಿ. ಕೃಷ್ಣಪ್ಪನವರು ಅಂತ ಹೇಳ್ತಾರೆ. ಹೇಳಲೇಬೇಕು. ಆದರೆ ಸಭೆಗೆ ಬೀದಿಯಿಂದ ಲಾರಿ ತುಂಬಿಸಿ ಕಳಿಸಿದೋರು ಯಾರು? ವಾಪಸ್ಸು ಬಂದ ಮೇಲೆ ಊರಿನವರ ಬಹಿಷ್ಕಾರ ಎದುರಿಸಿ ಅಲ್ಲೇ ಬಾಳಿದೋರು ಯಾರು? ಭಾಷಣ ಮಾಡಿದೋರು ರಾತ್ರಿ ಬಸ್ಸಿಗೆ ಹೋದರು. ಅಪ್ಪಂದಿರು ಬೆಳಗಾಗೆದ್ದು ಅದೇ ಬೀದಿಯಲ್ಲಿ ನಡೆಯಬೇಕಿತ್ತು. ಅವರನ್ನ ನಾವು ಬೆನ್ನು ಬಾಗಿದವರು ಅಂತ ಬರೆದು ಚಪ್ಪಾಳೆ ತಗೊಳ್ತಿದ್ದೀವಿ. ಇದು ನನಗೆ ಈಗ ಕಳ್ಳತನದ ಹಾಗೆ ಕಾಣುತ್ತೆ.

ಆ ಅಜ್ಜಿಯ ಜಮೀನಿನ ವಿಷಯಕ್ಕೆ ಬರ್ತೀನಿ. ಅವಳ ಮಾವನಿಗೆ ಸರ್ಕಾರ ಮಂಜೂರು ಮಾಡಿದ ಎರಡೆಕರೆ. ಮದುವೆ ಸಾಲಕ್ಕೆ ಕೈ ಬಿಟ್ಟುಹೋಗಿತ್ತು. ನಮ್ಮವರಿಗೆ ಮಂಜೂರಾದ ನೆಲವನ್ನ ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ನೆಲ ವಾಪಸ್ಸು ಕೊಡಿಸಬೇಕು ಅನ್ನುತ್ತೆ 1978ರ ಪಿಟಿಸಿಎಲ್ ಕಾಯಿದೆ. ಅಪ್ಪನಿಗೆ ಈ ಕಾಯಿದೆ ಗೊತ್ತಾಗಿ, ಹಳೇ ಕಾಗದ ಹುಡುಕಿ, ಅರ್ಜಿ ಹಾಕೋ ಹೊತ್ತಿಗೆ ವರ್ಷಗಳು ಕಳೆದಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನ ಸಕಾಲದಲ್ಲಿ ಹಾಕಿರಬೇಕು ಅಂತ ಹೇಳಿತು. ರಾಜ್ಯದಲ್ಲಿ ಎಷ್ಟೋ ಬಡವರ ಅರ್ಜಿ ಹಂಗೇ ಬಿದ್ದುಹೋದವು, ಅಜ್ಜಿಯದೂ ಬಿತ್ತು. ಆದೇಶದ ಕಾಗದ ಓದಿ ಅಪ್ಪ ಅಂದ: 'ತಡ ಆಯ್ತು ಅಂತ ಬರ್ದವ್ರ ಕನಾ. ನಮ್ಗ ನೆಲ ಕೊಡಕ ಅವ್ರು ಎಷ್ಟ್ ತಡ ಮಾಡುದ್ರು ಅನ್ನದ ಯಾವ ಫೈಲ್ನಲ್ಲೂ ಬರ್ದಿಲ್ಲ.'

2023ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ. ಅಪ್ಪ ಅದನ್ನ ಪೇಪರಿನಿಂದ ಕತ್ತರಿಸಿ ಅಜ್ಜಿಯ ಕಾಗದದ ಜೊತೆ ಪಿನ್ನು ಮಾಡಿ ಇಟ್ಟಿದ್ದ. ಅಷ್ಟರಲ್ಲಿ ಮೈ ಸೋತಿತ್ತು. ಗುಂಡಿಗೆ ಹೋಗ್ತಿದ್ದ ಗಂಟಿನಲ್ಲಿ ಇದ್ದದ್ದು ಅದು.

ಮೊನ್ನೆ ವಕೀಲರೊಬ್ಬರನ್ನ ಕೇಳಿಕೊಂಡು ಬಂದು ಹೊಸದಾಗಿ ಬರೆಯೋಕೆ ಕೂತೆ. ಅಜ್ಜಿ ಎದುರಿಗೆ ಕೂತು ಕಾವಲು. 'ಕವಿತೆ ಗಿವಿತೆ ಬರ್ದ್‌ಗಿರ್ದೀಯಪ್ಪಾ, ನಿಮ್ಮಪ್ಪ ಬರ್ದಂಗ ಬರಿ' ಅಂದಳು. 'ಸನ್ನಿಧಾನ' ಬಿಟ್ಟೆ. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಮಂಜೂರಾತಿ ತಾರೀಖು. ಕೊನೇಲಿ 'ತಮ್ಮ ವಿಧೇಯ' ಬರೋ ಜಾಗದಲ್ಲಿ ಕೈ ನಿಂತಿತು. ಬರೀ 'ಇಂತಿ' ಅಂತ ಬರೆದು, ಹೆಬ್ಬೆಟ್ಟಿಗೆ ಅಂತ ಇಂಕಿನ ಪ್ಯಾಡು ಮುಂದಿಟ್ಟೆ. ಅಜ್ಜಿ ಪ್ಯಾಡನ್ನ ಪಕ್ಕಕ್ಕೆ ತಳ್ಳಿ ನನ್ನ ಪೆನ್ನು ಇಸಕೊಂಡಳು. 'ನಿಮ್ಮಪ್ಪ ಕಲ್ಸಿದ್ನಲ್ಲ' ಅಂದಳು. ಮೂರೇ ಅಕ್ಷರದ ಹೆಸರು, ಬರೆದು ಮುಗಿಸೋಕೆ ಬಹಳ ಹೊತ್ತು ಹಿಡಿಯಿತು.