ಹೊಟ್ಟೆಯ ಕೊಬ್ಬೂ ಹೋಟೆಲು ನೌಕರನ ತಟ್ಟೆಯೂ

ಸಕ್ಕರೆಯ ಕಾಯಿಲೆಯು ಕುಳಿತುಣ್ಣುವ ಸಿರಿವಂತರ ಸೊತ್ತೆಂಬ ನಂಬಿಕೆಯು ನಮ್ಮ ಜನರಲ್ಲಿ ಇನ್ನೂ ಅಳಿದಿಲ್ಲ. ಕಾಚಿಗುಡ, ಅಬಿಡ್ಸ್ ಕಡೆಯ ಉಡುಪಿ ಹೋಟೆಲುಗಳಲ್ಲಿ ನಸುಕಿಗೇ ಒಲೆ ಹೊತ್ತಿಸುವ ಅಡಿಗೆಯವನೂ, ಹಗಲೆಲ್ಲ ಲೆಕ್ಕದ ಮುಂದೆ ಕೂರುವ ಗುಮಾಸ್ತನೂ 'ನಾನು ಸಣಕಲ, ನನಗೇಕೆ ಆ ರೋಗ?' ಎಂದುಕೊಳ್ಳುತ್ತಾರೆ. ಈ ಧೈರ್ಯಕ್ಕೆ ಆಧಾರವಿಲ್ಲ.

ಕೊಬ್ಬೆಂದರೆ ಉಗ್ರಾಣದಲ್ಲಿಟ್ಟ ತುಪ್ಪದ ಡಬ್ಬಿಯಂತೆ, ಸುಮ್ಮನೆ ಬಿದ್ದಿರುವ ವಸ್ತುವೆಂದು ಹಿಂದೆ ಭಾವಿಸಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ನರ ತಂಡವು, ಮುಂದೆ ಲೆಪ್ಟಿನ್ ಎಂದು ಹೆಸರಾದ ಹಾರ್ಮೋನಿನ ಜೀನನ್ನು ಕಂಡುಹಿಡಿದ ಮೇಲೆ ಆ ಭಾವನೆ ನಿಲ್ಲಲಿಲ್ಲ. ಮೇದಸ್ಸೂ ಒಂದು ಗ್ರಂಥಿಯೇ. ರಕ್ತದ ಮೂಲಕ ಮಿದುಳಿಗೂ ಯಕೃತ್ತಿಗೂ ಸ್ನಾಯುಗಳಿಗೂ ಸಂದೇಶ ಕಳುಹಿಸುತ್ತದೆ. ಅವುಗಳಲ್ಲಿ ಅಡಿಪೊನೆಕ್ಟಿನ್ ಎಂಬುದು ನಮಗೆ ಮಿತ್ರ. ಇನ್ಸುಲಿನ್ನಿನ ಮಾತನ್ನು ಯಕೃತ್ತೂ ಸ್ನಾಯುವೂ ಕೇಳುವಂತೆ ಮಾಡುವುದು ಅದರ ಕೆಲಸ. ವಿಚಿತ್ರವೆಂದರೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಂತೆ ಈ ಮಿತ್ರನ ಪ್ರಮಾಣ ಇಳಿಯುತ್ತದೆ. ಉರಿಯೂತದ ದ್ರವ್ಯಗಳು ಏರುತ್ತವೆ. ಆಗ ಇನ್ಸುಲಿನ್ ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ಮೇದೋಜೀರಕಾಂಗವು ಮತ್ತಷ್ಟು ಸುರಿಸಿ, ವರುಷಗಟ್ಟಲೆ ಹೆಣಗಿ, ಕಡೆಗೆ ಸೋಲುತ್ತದೆ.

ಇನ್ನು ಸಣಕಲರ ಮಾತು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕರೂ ಇಂಗ್ಲೆಂಡಿನ ಡಾ. ಯುಡ್ಕಿನ್ನರೂ ತಮ್ಮದೇ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಸುಮಾರು 22. ದೇಹದ ಕೊಬ್ಬು ಮಾತ್ರ ಆಂಗ್ಲರಲ್ಲಿ ಶೇಕಡಾ 9.1, ನಮ್ಮವರಲ್ಲಿ 21.2! ತಕ್ಕಡಿಯನ್ನು ನಂಬಿ ಕೂರುವವರು ಇದನ್ನು ಗಮನಿಸಬೇಕು.

ಇದೇ ಊರಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇಕಡಾ 45ನ್ನು ಮೀರಬಾರದೆನ್ನುತ್ತದೆ. ನಮ್ಮ ಹೋಟೆಲು ನೌಕರನ ತಟ್ಟೆಯನ್ನು ಯಾರಾದರೂ ನೋಡಿರುವರೆ? ಗಿರಾಕಿಗಳೆಲ್ಲ ಎದ್ದ ಮೇಲೆ ಅವನಿಗೆ ಸಿಗುವುದು ಉಳಿದ ಅನ್ನ, ತಳ ಕಂಡ ಸಾರು. ನಡುವೆ ಹಸಿವಡಗಿಸಲು ಆರೇಳು ಬಾರಿ ಸಕ್ಕರೆಯ ಚಹ. ಇಂಥವನಿಗೆ 'ಬಾಯಿ ಕಟ್ಟು' ಎಂದು ಬುದ್ಧಿ ಹೇಳುವುದು ಅನ್ಯಾಯ. ಮಾಲೀಕರೇ ಕೈ ಬಿಚ್ಚಬೇಕು. ನೌಕರರ ಊಟಕ್ಕೆ ಬೇಳೆ, ತರಕಾರಿ, ಮಜ್ಜಿಗೆ ಸೇರಲಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯ ಖರ್ಚನ್ನು ಅವರೇ ಭರಿಸಲಿ. ಕಾಲು ಕಳೆದುಕೊಂಡು ಊರಿಗೆ ಮರಳುವವನಿಗಾಗಿ ಚಂದಾ ಎತ್ತುವುದಕ್ಕಿಂತ ಇದು ಅಗ್ಗ.

ಗುಮಾಸ್ತರಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ದರ್ಜಿಯ ಟೇಪು ಸಾಕು. ನಡುವಿನ ಸುತ್ತಳತೆಯು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಿದ್ದರೆ, ಬರಿಯ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರಬೇಕು. ತೂಕ ಇಳಿಸಿದರೆ ಅಡಿಪೊನೆಕ್ಟಿನ್ ಮತ್ತೆ ಏರುವುದುಂಟು.